ಹಳೆ ಜೀಪ್ ಪಿಕಪ್‌ಗೆ ಹೊಸ ಮೈ: ಕಾಸರಗೋಡಿನ ಮಳೆ ತಾಳುವ ಬಾಡಿ ಕಟ್ಟುವುದು ಹೇಗೆ?

ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ. ಅಪ್ಪ ಎಂಬತ್ತರ ದಶಕದ ಒಂದು ಮಹೀಂದ್ರಾ ಜೀಪ್ ಪಿಕಪ್ ಇಟ್ಟುಕೊಂಡಿದ್ದರು. ಗೊಬ್ಬರ, ಅಡಿಕೆ ಗೋಣಿ, ಮದ್ದು ಬಿಡುವ ಡ್ರಮ್ಮು, ಮದುವೆ ಮನೆಯ ಪಾತ್ರೆ, ಎಲ್ಲವೂ ಅದರಲ್ಲೇ. ಎಂಜಿನ್ ಇವತ್ತಿಗೂ ಗಟ್ಟಿ. ಮೈ ಮಾತ್ರ ಎರಡು ಸಲ ಹೋಯಿತು.

ಮೊದಲ ಸಲ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಫಳಫಳ ಹೊಳೆಯುವ ಹಾಗೆ ಮಾಡಿಕೊಟ್ಟರು. ಒಂದು ಮಳೆಗಾಲ ಕಳೆಯಿತು. ಬಾಗಿಲಿನ ಕೆಳ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿತು. ಉಗುರಿನಿಂದ ಒತ್ತಿದೆ, ಒಳಗಿನಿಂದ ಕೆಂಪು ನೀರು ಇಳಿಯಿತು. ಪೇಂಟ್ ಕೆರೆದು ನೋಡಿದರೆ ಅರ್ಧ ಇಂಚು ಪುಟ್ಟಿ (ತಗ್ಗು ಮುಚ್ಚುವ ಲೇಪ), ಅದರ ಹಿಂದೆ ತುಕ್ಕು ಹಿಡಿದ ಹಳೆ ತಗಡು, ಅದರ ಮೇಲೆ ಇನ್ನೊಂದು ತಗಡು ಅಂಟಿಸಿ ವೆಲ್ಡ್ ಮಾಡಿದ್ದರು. ಎರಡು ತಗಡಿನ ನಡುವೆ ನೀರು ನಿಂತು ಒಳಗಿಂದೊಳಗೇ ತಿಂದಿತ್ತು.

ಎರಡನೇ ಸಲ ನಾನೇ ಇಳಿದೆ. ಕುಂಬಳೆ ಕಡೆಯ ಒಬ್ಬರು ಹಿರಿಯ ಟಿಂಕರಿಂಗ್ ಮೇಸ್ತ್ರಿ ಜೊತೆಗಿದ್ದು ಕಲಿಸಿದರು. ಅವರು ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀರು ಎಲ್ಲಿಂದ ಹೋಗ್ತದೆ, ಹೇಳಿ." ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಪಕ್ಕದಲ್ಲೇ ಉಪ್ಪು ಗಾಳಿ. ನಮ್ಮೂರಲ್ಲಿ ಬಾಡಿ ಕೆಲಸ ಅಂದರೆ ನೀರಿಗೆ ದಾರಿ ಮಾಡಿಕೊಡುವ ಕೆಲಸ. ಈ ಬರಹದ ಪ್ರತಿ ಹಂತವನ್ನೂ ಅದೇ ಪ್ರಶ್ನೆ ಇಟ್ಟುಕೊಂಡು ಓದಿ.

1. ಗ್ರೈಂಡರ್ ಹಿಡಿಯುವ ಮೊದಲು ಆರ್‌ಸಿ ನೋಡಿ

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ್ದೇ ಒಂದು ಪ್ರಕರಣದಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಹಾಗಾಗಿ ಶಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಉದ್ದ ಮಾಡುವುದು, ಹಿಂದಿನ ಬಾಡಿಯನ್ನು ಒಂದಡಿ ಹೊರಗೆ ಚಾಚುವುದು, ಕ್ಯಾಬಿನ್ ಕತ್ತರಿಸಿ ತಗ್ಗಿಸುವುದು, ಇವನ್ನೆಲ್ಲ ಬಿಟ್ಟುಬಿಡಿ. ಕೊಳೆತದ್ದನ್ನು ಅದೇ ಅಳತೆಯಲ್ಲಿ ಹೊಸದಾಗಿ ಕಟ್ಟುವುದು ರಿಪೇರಿ. ನಾವು ಮಾಡುವುದು ಅಷ್ಟೇ. ಬಣ್ಣ ಬದಲಿಸುವುದಾದರೆ ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲೂ ಬದಲಿಸಿಕೊಳ್ಳಬೇಕು.

ಗೂಡ್ಸ್ ಆಗಿ ರಿಜಿಸ್ಟರ್ ಆದ ಪಿಕಪ್‌ಗೆ 8 ವರ್ಷ ದಾಟಿದ ಮೇಲೆ ವರ್ಷವರ್ಷ ಫಿಟ್‌ನೆಸ್ ಬೇಕು. ಕೆಲಸ ಯಾವಾಗ ಮುಗಿಯಬೇಕು ಅಂತ ಆ ತಾರೀಕು ನೋಡಿ ಲೆಕ್ಕ ಹಾಕಿ. 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಗಾಡಿಗಳಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ಬೇರೆ ನಿಯಮ ಬಂದಿದೆ. ಅದಕ್ಕೆ ಶಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಅಷ್ಟು ಹಳೆಯ ವಿಲ್ಲೀಸ್ ಜೀಪ್ ಕೈಯಲ್ಲಿದ್ದರೆ ಕತ್ತರಿ ಹಾಕುವ ಮುಂಚೆ ಎರಡು ಸಲ ಯೋಚಿಸಿ.

2. ಅಳತೆ: ಕೊಳೆತ ಗಾಡಿಯೇ ನಿಮ್ಮ ನಕ್ಷೆ

ಒಂದು ಬೋಲ್ಟ್ ಕೂಡ ಬಿಚ್ಚಬೇಡಿ, ಮೊದಲು ಫೋಟೋ ತೆಗೆಯಿರಿ. ಬಾಗಿಲಿನ ಸಂದು, ಮಡ್‌ಗಾರ್ಡ್ ಕೂರುವ ಜಾಗ, ವಯರಿಂಗ್ ಹೋದ ದಾರಿ, ಎಲ್ಲದರದ್ದು. ಒಂದು ನೋಟ್‌ಬುಕ್ಕಿನಲ್ಲಿ ಬಾಗಿಲಿನ ಸುತ್ತಲಿನ ಸಂದನ್ನು ಮಿಲಿಮೀಟರಿನಲ್ಲಿ ಬರೆದಿಡಿ. ಆರು ತಿಂಗಳ ಮೇಲೆ ನೆನಪು ಕೈ ಕೊಡುತ್ತದೆ, ಪುಸ್ತಕ ಕೈ ಕೊಡುವುದಿಲ್ಲ.

ಆಮೇಲೆ ಗಾಡಿಯನ್ನು ಸಿಮೆಂಟ್ ನೆಲದ ಮೇಲೆ ನಾಲ್ಕು ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಮಟ್ಟ ನೋಡಲು ಗಾರೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪು ಸಾಕು. ಅದರಲ್ಲಿ ನೀರು ತುಂಬಿ ಶಾಸಿಯ ನಾಲ್ಕು ಮೂಲೆಗೆ ಹಿಡಿಯಿರಿ. ಶಾಸಿಯಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡು ಅಳತೆಗೂ 5 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಶಾಸಿ ಸೊಟ್ಟಗಾಗಿದೆ ಅಂತ ಅರ್ಥ. ಮೊದಲು ಅದು ಸರಿಯಾಗಬೇಕು. ಸೊಟ್ಟ ಶಾಸಿಯ ಮೇಲೆ ಎಷ್ಟು ಚೆಂದದ ಬಾಗಿಲು ಕೂರಿಸಿದರೂ ಮುಚ್ಚುವುದಿಲ್ಲ.

3. ಬಿಚ್ಚುವುದು

ಬ್ಯಾಟರಿ ತೆಗೆಯಿರಿ. ಡೀಸೆಲ್ ಟ್ಯಾಂಕ್ ಪೂರ್ತಿ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ಅಂತ ಸಸಾರ ಮಾಡಬೇಡಿ, ಒಳಗೆ ಉಳಿದ ಆವಿಯೇ ಸಿಡಿಯುತ್ತದೆ. ಗ್ಲಾಸು, ಸೀಟು, ರಬ್ಬರ್, ವಯರಿಂಗ್ ಎಲ್ಲವನ್ನೂ ತೆಗೆದು ಡಬ್ಬಕ್ಕೆ ಹಾಕಿ ಮೇಲೆ ಹೆಸರು ಬರೆಯಿರಿ.

ಕ್ಯಾಬಿನ್ನಿನ ತಳ ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಒಳಗಿನಿಂದ ಅಡ್ಡಡ್ಡ ಒಂದು ಇಂಚಿನ ಚೌಕ ಪೈಪು ವೆಲ್ಡ್ ಮಾಡಿ. ಇದನ್ನು ತಪ್ಪಿಸಲೇಬೇಡಿ. ತಳ ಹೋದ ಕ್ಯಾಬಿನ್ ಅಂದರೆ ತಳ ಹರಿದ ಪೆಟ್ಟಿಗೆ. ಎತ್ತಿದ ಕೂಡಲೇ ಬಾಯಿ ಬಿಡುತ್ತದೆ, ಮತ್ತೆ ಹಳೆ ಅಳತೆಗೆ ಬರುವುದಿಲ್ಲ.

4. ತುಕ್ಕು ಎಲ್ಲಿದೆ, ಯಾಕಿದೆ

ಒಂದು ಸಣ್ಣ ಅಯಸ್ಕಾಂತ, ಒಂದು ಚೂಪಾದ ಉಳಿ ತಗೊಳ್ಳಿ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ಪುಟ್ಟಿ ಇದೆ. ಉಳಿ ಒತ್ತಿದಾಗ ಇಳಿದರೆ ಆ ತಗಡು ಮುಗಿದ ಹಾಗೆ. ಜೀಪಿನಲ್ಲಿ ತುಕ್ಕು ಹಿಡಿಯುವ ಜಾಗ ಹೆಚ್ಚು ಕಡಿಮೆ ಗೊತ್ತಿದ್ದದ್ದೇ. ರಬ್ಬರ್ ಮ್ಯಾಟಿನ ಅಡಿಯ ತಳ, ಬಾಗಿಲಿನ ಕೆಳ ಅಂಚು, ಮುಂದಿನ ಗ್ಲಾಸ್ ಫ್ರೇಮಿನ ಕೆಳಮೂಲೆ, ಕ್ಯಾಬಿನ್ ಶಾಸಿ ಮೇಲೆ ಕೂರುವ ಜಾಗ, ಕೆಮ್ಮಣ್ಣು ಮೆತ್ತಿಕೊಳ್ಳುವ ಮಡ್‌ಗಾರ್ಡ್ ಒಳಮಡಿಕೆ.

ಹಿಂದಿನ ಬಾಡಿಯ ಕಥೆ ಬೇರೆ. ಅಲ್ಲಿ ಬರೀ ಮಳೆಯಲ್ಲ, ಮೈಲುತುತ್ತು (ತಾಮ್ರದ ಸಲ್ಫೇಟ್). ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವಾಗ ನಾವು ಕತ್ತಿ ಅದ್ದಿ ನೋಡುತ್ತೇವಲ್ಲ? ಸುಣ್ಣ ಸಾಲದೇ ಇದ್ದರೆ ಹೊಳೆಯುವ ಕತ್ತಿಯ ಮೇಲೆ ತೆಳ್ಳಗೆ ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಪಿಕಪ್ಪಿನ ತಳದಲ್ಲಿ ಮೈಲುತುತ್ತಿನ ನೀರು ಚೆಲ್ಲಿದಾಗ ಆಗುವುದೂ ಅದೇ. ನಮ್ಮ ಗಾಡಿಯಲ್ಲಿ ಡ್ರಮ್ಮು ಇಡುವ ಎಡಮೂಲೆಗೆ ವೈರ್ ಬ್ರಶ್ ಹಿಡಿದಾಗ ತುಕ್ಕಿನ ಪುಡಿಯ ನಡುವೆ ರೂಪಾಯಿಯಷ್ಟು ಅಗಲದ ತಾಮ್ರದ ಕಲೆ ಹೊಳೆಯಿತು. ಅದರ ಸುತ್ತಲಿನ ತಗಡು ಕಾಗದದ ಹಾಗೆ ತೆಳ್ಳಗಾಗಿತ್ತು. ಪೊಟ್ಯಾಶ್ ಗೊಬ್ಬರವೂ ಉಪ್ಪೇ. ಗೋಣಿಯಿಂದ ಉದುರಿದ್ದು ಒದ್ದೆಯಾದರೆ ತಗಡನ್ನು ಬಿಡುವುದಿಲ್ಲ.

ತೂತಾಗದ, ಮೇಲ್ಮೈಯಲ್ಲಿ ಮಾತ್ರ ತುಕ್ಕು ಇರುವ ಜಾಗವನ್ನು ವೈರ್ ವೀಲ್, 80 ನಂಬರಿನ ಫ್ಲ್ಯಾಪ್ ಡಿಸ್ಕಿನಲ್ಲಿ ಉಜ್ಜಿ ಬಿಳಿ ಮಾಡಿ. ಡಿಸ್ಕ್ ಒಂದೇ ಕಡೆ ನಿಲ್ಲಿಸಿ ತಗಡು ನೀಲಿಯಾದರೆ ಶಾಖಕ್ಕೆ ಸುಕ್ಕಾಗುತ್ತದೆ. ಕೈ ಹೋಗದ ಸಂದಿಗೆ ತುಕ್ಕು ಕಪ್ಪಾಗಿಸುವ ಕನ್ವರ್ಟರ್ ಹಚ್ಚಬಹುದು. ಅಂಥ ಕೆಲವು ದ್ರಾವಣಗಳಲ್ಲಿ ಇರುವುದು ಟ್ಯಾನಿನ್, ಅಂದರೆ ಅಡಿಕೆಯ ಒಗರು. ಹಸಿ ಅಡಿಕೆ ಹೋಳು ಮಾಡಿದ ಕತ್ತಿ ಕಪ್ಪಾಗುತ್ತದಲ್ಲ, ಅದೇ ಕ್ರಿಯೆ. ಆದರೆ ಇದು ಸಂದಿಗೊಂದಿಗೆ ಮಾತ್ರ. ಉಜ್ಜಲು ಆಗುವ ಕಡೆ ಉಜ್ಜಲೇಬೇಕು.

5. ಕೊಳೆತದ್ದನ್ನು ಕತ್ತರಿಸಿ ತೇಪೆ ಕೂರಿಸುವುದು

ಇಡೀ ಕೆಲಸದ ಹೃದಯ ಇದು. ಇಲ್ಲಿ ನಿಧಾನ ಮಾಡಿ.

ತಗಡು: ಕ್ಯಾಬಿನ್, ಬಾಗಿಲು, ಮಡ್‌ಗಾರ್ಡಿಗೆ 18 ಗೇಜಿನ ಸಿಆರ್ ಶೀಟ್ (ನಯವಾದ ಉಕ್ಕಿನ ತಗಡು), ದಪ್ಪ ಸುಮಾರು 1.2 ಮಿಲಿಮೀಟರ್. 8×4 ಅಡಿಯ ಒಂದು ಶೀಟ್ ಹತ್ತಿರ ಹತ್ತಿರ 28 ಕಿಲೋ ತೂಗುತ್ತದೆ. ತೂಕ ಹಾಕಿಸಿ ತಗೊಂಡರೆ ಗೇಜ್ ಸರಿ ಇದೆಯೋ ಅಂತ ಅಲ್ಲೇ ಗೊತ್ತಾಗುತ್ತದೆ. ಕಾಲಿಡುವ ತಳಕ್ಕೆ 16 ಗೇಜ್, ಸುಮಾರು 1.6 ಮಿಲಿಮೀಟರ್. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲ ಅಂತ ಆಸೆಯಾಗುತ್ತದೆ. ಆದರೆ ವೆಲ್ಡ್ ಮಾಡುವಾಗ ಸತುವಿನ ಹೊಗೆ ಬರುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ. ಗಾಡಿಯ ಮೈಗೆ ಅದು ಬೇಡ.

ಕತ್ತರಿಸುವಾಗ ತೂತಿನಷ್ಟೇ ಕತ್ತರಿಸಬೇಡಿ. ತೂತಿನ ಸುತ್ತ ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಹೋಗಿ. ಮೂಲೆಗಳನ್ನು ಚೂಪು ಬಿಡದೆ ದುಂಡಗೆ ಮಾಡಿ, ಚೂಪು ಮೂಲೆಯಲ್ಲಿ ಬಿರುಕು ಶುರುವಾಗುತ್ತದೆ. ಹಳೆ ಕ್ಯಾಲೆಂಡರಿನ ದಪ್ಪ ರಟ್ಟು ಇಟ್ಟು ಅಚ್ಚು ತೆಗೆಯಿರಿ. ಅದರ ಪ್ರಕಾರ ತಗಡು ಕತ್ತರಿಸಿ, ಅರದಿಂದ ಉಜ್ಜುತ್ತಾ ಉಜ್ಜುತ್ತಾ ಕೂರಿಸಿ. ಸುತ್ತಲೂ ಒಂದು ಮಿಲಿಮೀಟರಿನಷ್ಟು ಸಮ ಸಂದು ಬರಬೇಕು. ಹಳೆಯದರ ಮೇಲೆ ಹೊಸದನ್ನು ಹೊದಿಸಬೇಡಿ. ಅಂಚಿಗೆ ಅಂಚು ತಾಗಿಸಿ ಬೆಸೆಯಿರಿ. ಹೊದಿಸಿದಲ್ಲಿ ನೀರು ನಿಲ್ಲುತ್ತದೆ. ನನ್ನ ಮೊದಲ ಬಾಗಿಲು ಹೋದದ್ದು ಅಲ್ಲೇ.

ವೆಲ್ಡಿಂಗ್: ಗ್ರಿಲ್, ಗೇಟು ಮಾಡುವ ರಾಡ್ ವೆಲ್ಡಿಂಗ್ ಈ ತಗಡನ್ನು ಸುಟ್ಟು ತೂತು ಮಾಡುತ್ತದೆ. ಮಿಗ್ ಮೆಷಿನ್, ವರ್ಕ್‌ಶಾಪಿನವರ ಮಾತಿನಲ್ಲಿ ಸಿಓಟು ವೆಲ್ಡಿಂಗ್, 0.8 ಮಿಲಿಮೀಟರ್ ವೈರ್ ಹಾಕಿ. ಅದೇ ತಗಡಿನ ಚೂರಿನ ಮೇಲೆ ಕರೆಂಟು ಹೊಂದಿಸಿ ನೋಡಿ ಆಮೇಲೆ ಗಾಡಿಗೆ ಹೋಗಿ. ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ ಹಿಡಿಸಿ. ಗಾಳಿ ಬೀಸುವ ಅಂಗಳದಲ್ಲಿ ಗ್ಯಾಸ್ ಹಾರಿಹೋಗಿ ವೆಲ್ಡ್ ಜೇನುಗೂಡಿನ ಹಾಗೆ ತೂತು ತೂತಾಗುತ್ತದೆ. ತೆಂಗಿನ ಗರಿಯ ತಟ್ಟಿ ಹತ್ತಿರ ಕಟ್ಟಬೇಡಿ, ಕಿಡಿ ಬೀಳುತ್ತದೆ. ತಗಡಿನದೇ ಮರೆ ಮಾಡಿ.

ಬೆಸುಗೆಯನ್ನು ಉದ್ದಕ್ಕೆ ಎಳೆಯಲೇಬಾರದು. ಮೊದಲು ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ ಬೆಸುಗೆ. ಆಮೇಲೆ ಎರಡು ಚುಕ್ಕೆಯ ನಡುವೆ ಇನ್ನೊಂದು. ಮತ್ತೆ ಅದರ ನಡುವೆ. ಪ್ರತಿ ಸಲ ಎದುರು ಬದಿಗೆ ಹೋಗಿ. ಕೈ ಇಟ್ಟರೆ ಸುಡದಷ್ಟು ತಣಿಯುವವರೆಗೆ ಅದೇ ಜಾಗಕ್ಕೆ ವಾಪಸ್ ಬರಬೇಡಿ. ವೆಲ್ಡ್ ತಣಿಯುವಾಗ ಕುಗ್ಗಿ ಸುತ್ತಲಿನ ತಗಡನ್ನು ಎಳೆದುಕೊಳ್ಳುತ್ತದೆ. ಬಾಗಿಲು ಡೋಲಿನ ಚರ್ಮದ ಹಾಗೆ ಒಳಗೆ ಹೊರಗೆ ಟಪ್ ಟಪ್ ಅನ್ನುವುದು ಅದಕ್ಕೇ. ಪರಿಹಾರ ಏನೆಂದರೆ, ಹಿಂದೆ ಡಾಲಿ (ಅಂಗೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು, ಪ್ರತಿ ಚುಕ್ಕೆಯನ್ನೂ ಮುಂದಿನಿಂದ ಸುತ್ತಿಗೆಯಲ್ಲಿ ಹದವಾಗಿ ತಟ್ಟುವುದು. ತಟ್ಟಿದಾಗ ಕುಗ್ಗಿದ ಲೋಹ ಮತ್ತೆ ಹಿಗ್ಗುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿ, ಕೈಗೆ ತೆಳು ಬಟ್ಟೆ ಸುತ್ತಿಕೊಂಡು ತಗಡಿನ ಮೇಲೆ ಸವರುತ್ತಿದ್ದರು. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ. ನನಗೆ ಅದು ಕೈ ಹತ್ತಲು ಎರಡು ತಿಂಗಳು ಬೇಕಾಯಿತು.

ಒಂದಡಿ ಉದ್ದದ ಬೆಸುಗೆಗೆ ಅರ್ಧ ದಿನ ಹೋದರೂ ಬೇಜಾರು ಮಾಡಬೇಡಿ. ಇಲ್ಲಿ ಉಳಿಸಿದ ಒಂದು ಗಂಟೆಗೆ ಪುಟ್ಟಿಯಲ್ಲಿ ಒಂದು ದಿನ ತೆರಬೇಕಾಗುತ್ತದೆ.

6. ಮಡ್‌ಗಾರ್ಡಿನ ತಿರುವು, ಅಡಿಕೆ ಹಾಳೆಯ ಅಚ್ಚು

ಎರಡೂ ಕಡೆಗೆ ಬಾಗಿದ ತಿರುವಿಗೆ ರಟ್ಟಿನ ಅಚ್ಚು ಕೂರುವುದಿಲ್ಲ. ನಾನು ಅಡಿಕೆ ಹಾಳೆ ಬಳಸಿದೆ. ರಾತ್ರಿ ನೀರಿನಲ್ಲಿ ನೆನೆಸಿದ ಹಾಳೆಯನ್ನು ಗಟ್ಟಿ ಇರುವ ಬಲಬದಿಯ ಮಡ್‌ಗಾರ್ಡಿನ ಮೇಲೆ ಹೊದಿಸಿ ಒತ್ತಿ. ಅಂಚನ್ನು ಕ್ಲ್ಯಾಂಪ್ ಹಾಕಿ ಹಿಡಿಸಿ. ಹಾಳೆ ಎಲ್ಲಿ ಮಡಿಕೆ ಬೀಳುತ್ತದೋ ಅಲ್ಲಿ ತಗಡನ್ನು ಕುಗ್ಗಿಸಬೇಕು. ಎಲ್ಲಿ ಸೀಳುತ್ತದೋ ಅಲ್ಲಿ ಹಿಗ್ಗಿಸಬೇಕು. ಒದ್ದೆ ಇರುವಾಗಲೇ ಅಂಚಿನ ಗುರುತು ಹಾಕಿಬಿಡಿ, ಒಣಗಿದರೆ ಸ್ವಲ್ಪ ಕುಗ್ಗುತ್ತದೆ. ಎಡಬದಿಗೆ ಬೇಕಾದರೆ ಗುರುತನ್ನು ಮಗುಚಿ ತಗಡಿಗೆ ಇಳಿಸಿ.

ಹಿಗ್ಗಿಸಲು ಹಲಸಿನದೋ ಹುಣಸೆಯದೋ ದಪ್ಪ ಕೊರಡಿನಲ್ಲಿ ತಟ್ಟೆಯಷ್ಟು ಅಗಲದ ತಗ್ಗು ಕೆತ್ತಿ. ತಗಡನ್ನು ಅದರ ಮೇಲಿಟ್ಟು ಹುಣಸೆ ಮರದ ಕೊಡತಿಯಲ್ಲಿ ಹೊರಗಿನ ಸುತ್ತಿನಿಂದ ಒಳಗೆ ತಟ್ಟುತ್ತಾ ಬನ್ನಿ. ಅಂಚಿನಲ್ಲಿ ಏಳುವ ಸುಕ್ಕನ್ನು ಬಿಡಬೇಡಿ. ಮಡಚಿಕೊಳ್ಳುವ ಮೊದಲೇ ಅದರ ತುದಿಯಿಂದ ಒಳಕ್ಕೆ ತಟ್ಟಿ ಕೂರಿಸಿದರೆ ತಗಡು ಅಲ್ಲಿ ದಪ್ಪವಾಗಿ ಕುಗ್ಗುತ್ತದೆ. ಆಮೇಲೆ ಡಾಲಿ ಮೇಲೆ ನಯ ಮಾಡಿ. ಮೊದಲ ತುಂಡು ಹಾಳಾಗುತ್ತದೆ, ಅದಕ್ಕೆ ತಗಡು ಜಾಸ್ತಿಯೇ ತಂದಿರಿ.

ಮಡ್‌ಗಾರ್ಡಿನ ಒಳ ಅಂಚು ಮೇಲ್ಮುಖವಾಗಿ ಮಡಚಿದ್ದರೆ ಅದು ಕೆಮ್ಮಣ್ಣು ಹಿಡಿಯುವ ಚರಂಡಿ. ಮಡಿಕೆ ಕೆಳಮುಖವಾಗಿರಲಿ, ಇಲ್ಲವೇ ತುದಿ ತೆರೆದಿರಲಿ.

7. ಹಿಂದಿನ ಬಾಡಿ: ಮರವೋ ತಗಡೋ?

ನನ್ನ ಉತ್ತರ ಮರ. ತಗಡಿನ ತಳವನ್ನು ಮೈಲುತುತ್ತು ತಿನ್ನುತ್ತದೆ, ಮರವನ್ನು ಹಾಗೆ ತಿನ್ನುವುದಿಲ್ಲ. ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಹಳೆ ಪಿಕಪ್‌ಗಳಲ್ಲಿ ಮರದ ತಳಕ್ಕೆ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದ ಪದ್ಧತಿ ನಮ್ಮ ಹವೆಗೆ ಹೇಳಿ ಮಾಡಿಸಿದ್ದು.

ಮೊದಲು ಚೌಕಟ್ಟು. ಶಾಸಿಯ ಮೇಲೆ ಅಡ್ಡಕ್ಕೆ ಐದು ಚಾನಲ್ (ಒಂದು ಬದಿ ತೆರೆದ ಕಬ್ಬಿಣದ ತೊಲೆ). ಚಾನಲ್ಲಿನ ಬಾಯಿ ಕೆಳಗೆ ಅಥವಾ ಬದಿಗೆ ಇರಲಿ. ಮೇಲೆ ಬಾಯಿ ಬಿಟ್ಟರೆ ಅದು ನೀರಿನ ಮರಿಗೆ ಆಗಿಬಿಡುತ್ತದೆ. ಶಾಸಿಗೆ ನೇರ ವೆಲ್ಡ್ ಮಾಡಬೇಡಿ. ಗುಂಡಿ ರಸ್ತೆಯಲ್ಲಿ ಶಾಸಿ ತಿರುಚಿಕೊಳ್ಳುತ್ತದೆ, ತಿರುಚಲಿಕ್ಕೆಂದೇ ಅದನ್ನು ಹಾಗೆ ಮಾಡಿರುವುದು. ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಶಾಸಿಯ ಮೇಲಿನ, ಕೆಳಗಿನ ಅಂಚಿಗೆ ಹೊಸ ತೂತೂ ಬೇಡ, ಭಾರ ಹೊರುವುದು ಆ ಅಂಚುಗಳೇ. ಕಂಪನಿ ಕೊಟ್ಟ ಹಳೆ ತೂತುಗಳನ್ನೇ ಬಳಸಿ, ಸಾಲದಿದ್ದರೆ ಯು-ಬೋಲ್ಟ್ ಹಾಕಿ. ನಡುವೆ ದಪ್ಪ ರಬ್ಬರ್ ಕೂರಿಸಿ.

ಹಲಗೆಗೆ ಹೆಬ್ಬಲಸು ಒಳ್ಳೆಯದು. ದೋಣಿ ಕಟ್ಟುವ ಮರ ಅದು, ನೀರಿಗೆ ಹೆದರುವುದಿಲ್ಲ. ತೇಗ ಸಿಕ್ಕಿದರೆ ಇನ್ನೂ ಸಂತೋಷ, ಬೆಲೆ ಮಾತ್ರ ಹೆಚ್ಚು. ಒಂದು ಇಂಚು ದಪ್ಪ, ಆರು ಇಂಚು ಅಗಲ, ಚೆನ್ನಾಗಿ ಒಣಗಿದ್ದು. ಮಿಲ್ಲಿನಿಂದ ತಂದು ನೆರಳಿನಲ್ಲಿ, ನಡುವೆ ರೀಪು ಕೊಟ್ಟು ಅಟ್ಟಿಯಾಗಿ ಜೋಡಿಸಿ ಕೆಲವು ತಿಂಗಳು ಬಿಡಿ. ಹಸಿ ಹಲಗೆ ಬಿಗಿದರೆ ಬೇಸಗೆಯಲ್ಲಿ ಸೊಟ್ಟಗಾಗಿ ಬೋಲ್ಟನ್ನೇ ಎಳೆಯುತ್ತದೆ.

ಅಡಿಭಾಗಕ್ಕೂ ನಾಲ್ಕು ಅಂಚಿಗೂ ಗೇರೆಣ್ಣೆ ಹಚ್ಚಿ. ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಕಪ್ಪು ಎಣ್ಣೆಯನ್ನು ಕರಾವಳಿಯಲ್ಲಿ ದೋಣಿಗೆ ಬಳಿಯುವುದು ಹಿಂದಿನಿಂದ ಬಂದದ್ದು, ಹುಳ ಹತ್ತುವುದಿಲ್ಲ. ಆದರೆ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಉದ್ದ ಗ್ಲೌಸ್, ತುಂಬು ತೋಳಿನ ಅಂಗಿ ಬೇಕೇ ಬೇಕು. ಬೋಲ್ಟಿನ ತೂತು ಕೊರೆದ ಮೇಲೆ ತೂತಿನೊಳಗೂ ಬಿಡಿ. ಹಲಗೆ ಕೊಳೆಯಲು ಶುರುವಾಗುವುದು ಅಲ್ಲಿಂದಲೇ.

ಹಲಗೆಗಳ ನಡುವೆ 6 ಮಿಲಿಮೀಟರ್ ಸಂದು ಬಿಡಿ. ಮಳೆಗಾಲದಲ್ಲಿ ಮರ ಉಬ್ಬಲು ಜಾಗ ಬೇಕು, ನೀರಿಗೂ ದಾರಿ ಬೇಕು. ಸಂದಿನ ಮೇಲೆ 3 ಮಿಲಿಮೀಟರಿನ ಪಟ್ಟಿ ಇಟ್ಟು ಅಡ್ಡ ಚಾನಲ್ಲಿಗೆ 8 ಎಂಎಂ ಬೋಲ್ಟ್ ಬಿಗಿಯಿರಿ. ಬೋಲ್ಟಿನ ತಲೆ ದುಂಡಗಿರಲಿ, ಗೋಣಿ ಎಳೆಯುವಾಗ ಹರಿಯುವುದಿಲ್ಲ. ಪಟ್ಟಿಯ ಅಡಿಗೂ ಪೇಂಟ್ ಆದ ಮೇಲೆಯೇ ಕೂರಿಸಿ. ಮದ್ದಿನ ಡ್ರಮ್ಮು ನಿಲ್ಲುವ ಮೂಲೆಗೆ ದಪ್ಪ ಪ್ಲಾಸ್ಟಿಕ್ ಟ್ರೇ ಇಡಿ. ನಮ್ಮಲ್ಲಿ ಅದೊಂದು ಟ್ರೇಯಿಂದ ಎಷ್ಟೋ ಬದಲಾಯಿತು.

8. ಪೇಂಟಿಗೆ ಮೊದಲು ಇಡೀ ಗಾಡಿ ಜೋಡಿಸಿ

ಬಾಗಿಲು, ಬಾನೆಟ್, ಮಡ್‌ಗಾರ್ಡ್ ಎಲ್ಲವನ್ನೂ ಬರೀ ತಗಡು ಇರುವಾಗಲೇ, ಹೊಸ ರಬ್ಬರ್ ಸಮೇತ, ಕೂರಿಸಿ ನೋಡಿ. ನೋಟ್‌ಬುಕ್ಕಿನ ಅಳತೆಗೆ ಹೋಲಿಸಿ. ಬಾಗಿಲನ್ನು ಐವತ್ತು ಸಲ ಹಾಕಿ ತೆಗೆಯಿರಿ. ಪೇಂಟ್ ಆದ ಮೇಲೆ ಗ್ರೈಂಡರ್ ಹಿಡಿಯುವಂತಾದರೆ ಹೊಟ್ಟೆ ಉರಿಯುತ್ತದೆ.

9. ಪ್ರೈಮರ್, ಪುಟ್ಟಿ, ಪೇಂಟ್

ಈ ಕೆಲಸಕ್ಕೆ ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಅದರಲ್ಲೂ ಬೆಳಗ್ಗೆ ಇಬ್ಬನಿ ಇರುತ್ತದೆ. ತಗಡು ಮುಟ್ಟಿದರೆ ಬೆಚ್ಚಗಿರಬೇಕು. ಹತ್ತು ಗಂಟೆಯ ಮೇಲೆ ಶುರು ಮಾಡಿ, ಮೂರಕ್ಕೆ ನಿಲ್ಲಿಸಿ.

ಉಜ್ಜಿದ ತಗಡನ್ನು ರಾತ್ರಿ ಹಾಗೇ ಬಿಡಬೇಡಿ, ಬೆಳಗಾಗುವಷ್ಟರಲ್ಲಿ ಹಳದಿ ತುಕ್ಕು ಹತ್ತಿರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರೂ ಉಪ್ಪೇ. ತಿನ್ನರಿನಿಂದ ಒರೆಸಿ ಅದೇ ದಿನ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಹೊಡೆಯಿರಿ. ಪುಟ್ಟಿ ಅದರ ಮೇಲೆ. ಬರೀ ತಗಡಿನ ಮೇಲಲ್ಲ, ಯಾಕೆಂದರೆ ಪುಟ್ಟಿ ನೀರು ಹೀರುತ್ತದೆ. ದಪ್ಪ 3 ಮಿಲಿಮೀಟರ್ ಮೀರಬಾರದು. ಮೀರುತ್ತದೆ ಅಂತಾದರೆ ಸುತ್ತಿಗೆ ಕೆಲಸ ಮುಗಿದಿಲ್ಲ, ವಾಪಸ್ ಹೋಗಿ. ಉದ್ದ ಮರದ ಪಟ್ಟಿಗೆ 80 ನಂಬರಿನ ಕಾಗದ ಸುತ್ತಿ ಅಡ್ಡಡ್ಡ ಉಜ್ಜಿ, ಆಮೇಲೆ 180, 320. ಮತ್ತೆ ಪ್ರೈಮರ್, 600, ಆಮೇಲೆ ಪೇಂಟ್. ಜೋಡಣೆಯ ಗೆರೆಗಳಿಗೆಲ್ಲ ಪ್ರೈಮರ್ ಆದ ಮೇಲೆ ಸಂದು ಮುಚ್ಚುವ ಸೀಮ್ ಸೀಲರ್ ಎಳೆಯಿರಿ.

ಗಟ್ಟಿಕಾರಕ ಬೆರೆಸುವ ಟು-ಕೆ ಪೇಂಟಿನಲ್ಲಿ ಐಸೊಸಯನೇಟ್ ಎಂಬ ಅಪಾಯಕಾರಿ ರಾಸಾಯನಿಕ ಇರುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ. ಒಮ್ಮೆ ಶ್ವಾಸಕೋಶಕ್ಕೆ ಆಗಿಬರದೆ ಹೋದರೆ ಜೀವನಪೂರ್ತಿ ಉಬ್ಬಸ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇರುವ ಪೇಂಟರಿಗೆ ಈ ಕೆಲಸ ಕೊಟ್ಟುಬಿಡಿ. ನಾನೂ ಕೊಟ್ಟೆ.

10. ಒಳಮೈ ಮತ್ತು ಕೊನೆಯ ಪರೀಕ್ಷೆ

ಬಾಗಿಲಿನ ಒಳಗೆ, ಚೌಕಟ್ಟಿನ ಪೊಳ್ಳಿನಲ್ಲಿ ಪೇಂಟ್ ಹೋಗುವುದಿಲ್ಲ. ಅಲ್ಲಿಗೆ ಉದ್ದ ಕೊಳವೆಯ ಸ್ಪ್ರೇಯಲ್ಲಿ ಮೇಣದ ಕೋಟಿಂಗ್ ಬಿಡಿ. ಆಮೇಲೆ ಬಾಗಿಲಿನ ಕೆಳಗೆ ನೀರು ಹೋಗಲು ಇರುವ ಮೂರು ತೂತಿಗೂ ಒಂದು ತಂತಿ ತೂರಿಸಿ ನೋಡಿ. ಮೇಣ, ಪೇಂಟ್, ಸೀಲರ್ ಸೇರಿ ಅದನ್ನೇ ಮುಚ್ಚಿರುತ್ತವೆ. ನನ್ನ ಎಡಬಾಗಿಲಿನಲ್ಲಿ ಮೂರಕ್ಕೆ ಎರಡು ಮುಚ್ಚಿತ್ತು.

ಕೊನೆಗೆ ಗಾಡಿಯನ್ನು ತೋಟದ ಸ್ಪ್ರಿಂಕ್ಲರ್ (ನಮ್ಮ ಮಾತಿನಲ್ಲಿ ಜೆಟ್) ಕೆಳಗೆ ನಿಲ್ಲಿಸಿ. ಒಳಗೆ ತಳದ ಮೇಲೆ, ಡ್ಯಾಶ್‌ಬೋರ್ಡಿನ ಅಡಿಗೆ, ಸೀಟಿನ ಹಿಂದೆ ಹಳೆ ಪೇಪರ್ ಹಾಸಿ. ಗ್ಲಾಸು ಏರಿಸಿ ಒಂದು ಗಂಟೆ ಜೆಟ್ ಬಿಡಿ. ನೀವು ಹೊರಗೆ ಕುಕ್ಕರುಗಾಲಲ್ಲಿ ಕೂತು ಕೆಳಗೆ ನೋಡಿ. ಬಾಗಿಲಿನ ಮೂರೂ ತೂತಿನಿಂದ ನೀರು ಬೀಳುತ್ತಿದೆಯಾ? ಹಲಗೆ ಸಂದಿನಿಂದ ಸಮವಾಗಿ ಇಳಿಯುತ್ತಿದೆಯಾ? ಎಲ್ಲಾದರೂ ಒಂದು ಕಡೆ ಮಾತ್ರ ಬರದೇ ಇದ್ದರೆ ಅಲ್ಲಿ ನೀರು ಒಳಗೇ ನಿಂತಿದೆ. ಜೆಟ್ ನಿಲ್ಲಿಸಿ ಪೇಪರ್ ಒಂದೊಂದಾಗಿ ಎತ್ತಿ ನೋಡಿ. ಒದ್ದೆಯಾದ ಪೇಪರಿನ ನೇರ ಮೇಲೆ ಎಲ್ಲೋ ಸೀಲರ್ ಬಿಟ್ಟುಹೋಗಿದೆ, ಅಥವಾ ರಬ್ಬರ್ ಸರಿಯಾಗಿ ಕೂತಿಲ್ಲ. ಸರಿಮಾಡಿ, ಇನ್ನೊಂದು ಗಂಟೆ ಜೆಟ್ ಬಿಡಿ. ನಮ್ಮ ಪಿಕಪ್‌ಗೆ ಇದು ನಾಲ್ಕು ಸಲ ಆಯಿತು. ನಾಲ್ಕನೇ ಸಲ ಎತ್ತಿದ ಪೇಪರೆಲ್ಲ ಗರಿಗರಿಯಾಗಿಯೇ ಇತ್ತು. ಮರುದಿನ ಗೊಬ್ಬರ ತರಲು ಅದರಲ್ಲೇ ಹೋದೆವು.